ಜಪಾನ್ ಆಳ್ವಿಕೆಯ ನೆರಳಿನ ಎರಡು ಕೊರಿಯನ್ ಹೊಡೆದಾಟದ ಚಿತ್ರಗಳು: ಯಾವುದನ್ನು ಮೊದಲು ನೋಡಬೇಕು?

ಕೊರಿಯಾವನ್ನು ಜಪಾನ್ ಆಳಿದ್ದು 1910ರಿಂದ 1945ರವರೆಗೆ. ಆ ಕಾಲದ ಬೀದಿಯನ್ನೇ ಕಣ್ಣಾರೆ ಕಾಣಬೇಕೆನ್ನುವವರು ‘ದಿ ಜನರಲ್ಸ್ ಸನ್’ (1990) ಆರಿಸಿಕೊಳ್ಳಲಿ. ನಿರ್ದೇಶಕ ಇಮ್ ಕ್ವಾನ್-ತೇಕ್. ಕಥಾನಾಯಕ ಕಿಮ್ ದು-ಹಾನ್ ನಿಜವಾಗಿ ಬದುಕಿದ್ದವನು. 1920ರ ಚೊಂಗ್‌ಸಾನ್‌ರಿ ಕದನದಲ್ಲಿ ಜಪಾನಿ ಸೇನೆಯನ್ನು ಎದುರಿಸಿದ ಕಿಮ್ ಜ್ವಾ-ಜಿನ್ ಅವರ ಮಗನೆಂದು ಹೇಳಿಕೊಂಡವನು. ಸೋಲ್ ನಗರದ ಜೊಂಗ್ನೊ ಪೇಟೆಯ ಕೊರಿಯನ್ ಅಂಗಡಿಕಾರರ ಪರ ನಿಂತು ಜಪಾನಿ ಗೂಂಡಾಗಳನ್ನು ಅವನು ಎದುರಿಸುತ್ತಾನೆ. ಅವನ ಆಯುಧ ಬರಿಗೈ ಮತ್ತು ಚಿಮ್ಮಿ ಒದೆಯುವ ಕಾಲು. ಉಮಿಗ್ವಾನ್ ಚಿತ್ರಮಂದಿರದ ಸುತ್ತಲಿನ ಆ ಪೇಟೆಯೇ ಈ ಚಿತ್ರದ ಜೀವ. ಸೋತವನು ಗೆದ್ದವನಿಗೆ ತಲೆಬಾಗುವ ರೌಡಿಗಳ ಕಟ್ಟಳೆಯನ್ನೂ ಚಿತ್ರ ಗಂಭೀರವಾಗಿ ಕಾಣುತ್ತದೆ. ನನ್ನ ಮತ ಇದಕ್ಕೇ.

‘ಫೈಟರ್ ಇನ್ ದಿ ವಿಂಡ್’ (2004) ಬೇರೆ ಜಾತಿಯದು. ಕ್ಯೊಕುಶಿನ್ ಕರಾಟೆಯ ಸ್ಥಾಪಕ, ಕೊರಿಯಾದಲ್ಲಿ ಹುಟ್ಟಿದ ಮಾಸುತಾತ್ಸು ಒಯಾಮಾ ಅವರ ಬದುಕನ್ನು ಆಧರಿಸಿದ ಕಾಮಿಕ್ಸ್ ಪುಸ್ತಕವೊಂದು ಇದರ ಮೂಲ. ಹಾಗಾಗಿ ಚರಿತ್ರೆಯೆಂದು ನಂಬಿ ಕೂರಬೇಡಿ. ಕಥೆಯ ಬಹುಭಾಗ ನಡೆಯುವುದು ಯುದ್ಧಾನಂತರದ ಜಪಾನಿನಲ್ಲಿ. ಅವಮಾನ ಉಂಡ ಯುವಕ ಬೆಟ್ಟ ಸೇರಿ ಹಿಮದಲ್ಲಿ ಒಬ್ಬನೇ ಸಾಧನೆ ಮಾಡಿ, ಕೆಳಗಿಳಿದು ಜಪಾನಿ ಗುರುಗಳಿಗೆ ಒಬ್ಬೊಬ್ಬರಿಗೇ ಸವಾಲು ಹಾಕುತ್ತಾನೆ. ಹೊಡೆತಗಳು ಇಲ್ಲಿ ಹೆಚ್ಚು ಕಟು, ಛಾಯಾಗ್ರಹಣ ಹೆಚ್ಚು ಹೊಳಪು. ಪ್ರೇಮಕಥೆ ಮಾತ್ರ ಸಪ್ಪೆ.

ಕರಾಟೆ ಕಲಿಯುತ್ತಿರುವ ಹುಡುಗರು ಮನೆಯಲ್ಲಿದ್ದರೆ ಎರಡನೆಯದರಿಂದಲೇ ಆರಂಭಿಸಬಹುದು, ಆದರೆ ರಕ್ತ ಧಾರಾಳವಾಗಿದೆ. ಮೊದಲು ನೀವೇ ನೋಡಿ. ಜೊಂಗ್ನೊ ಹಿಡಿಸಿದವರಿಗೆ 1991 ಮತ್ತು 1992ರಲ್ಲಿ ಬಂದ ಮುಂದಿನ ಭಾಗಗಳೂ ಇವೆ.