ಹಾಸನದ ಪರೀಕ್ಷಾಲಯದಲ್ಲಿ ನಮ್ಮ ಔಷಧಿ ಗಿಡಗಳು: ಒಂದು ಸೇವಾ ವಿಮರ್ಶೆ

ಗಿಡಮೂಲಿಕೆಯ ಪುಡಿ, ಕಷಾಯದ ಪೊಟ್ಟಣ ಮಾರುವ ಸಣ್ಣ ಗುಂಪುಗಳನ್ನು ಗ್ರಾಹಕರು ಈಗ ಮೊದಲು ಕೇಳುವುದು ಲ್ಯಾಬ್ ರಿಪೋರ್ಟ್ ಇದೆಯೇ ಎಂದು. ಮೂಡಿಗೆರೆ ಕಡೆಯ ನಮ್ಮ ಬೆಳೆಗಾರರ ಗುಂಪು ದೊಡ್ಡಪತ್ರೆ, ನೆಲ್ಲಿಕಾಯಿ ಮತ್ತು ಅಮೃತಬಳ್ಳಿಯನ್ನು ಹಾಸನದ ಖಾಸಗಿ ಪರೀಕ್ಷಾಲಯವೊಂದಕ್ಕೆ ಕೊಟ್ಟು, ಬ್ಯಾಕ್ಟೀರಿಯಾ ನಿರೋಧಕ ಹಾಗೂ ಆಂಟಿಆಕ್ಸಿಡೆಂಟ್ (ಜೀವಕೋಶಗಳಿಗೆ ಹಾನಿ ಮಾಡುವ ಕಣಗಳನ್ನು ತಡೆಯುವ) ಗುಣಗಳ ಪರೀಕ್ಷೆ ಮಾಡಿಸಿತು. ಅಲ್ಲಿನ ಕೆಲಸ ಶುದ್ಧವಾಗಿದೆ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅವರ ಮಾಮೂಲಿ ಪ್ಯಾಕೇಜ್, ನಮ್ಮ ಮನೆಗಳಲ್ಲಿ ಗಿಡವನ್ನು ಬಳಸುವ ರೀತಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಮೊದಲು ಮೆಚ್ಚಬೇಕಾದದ್ದನ್ನು ಹೇಳುತ್ತೇನೆ. ಪುಡಿಯನ್ನಷ್ಟೇ ತಂದರೆ ಅವರು ಸ್ವೀಕರಿಸುವುದಿಲ್ಲ. ಎಲೆ, ಕಾಂಡ, ಸಾಧ್ಯವಾದರೆ ಹೂವೂ ಇರುವ ಮಾದರಿಯನ್ನು ಕೇಳಿ, ಸಸ್ಯಶಾಸ್ತ್ರ ಬಲ್ಲವರಿಂದ ಗುರುತು ಹಚ್ಚಿಸಿ, ಒಣಗಿಸಿದ ಒಂದು ಮಾದರಿಯನ್ನು ದಾಖಲೆಗಾಗಿ ಉಳಿಸಿಕೊಳ್ಳುತ್ತಾರೆ. ಅಮೃತಬಳ್ಳಿಯ ವಿಷಯದಲ್ಲಿ ಈ ಹಟ ಅತ್ಯಗತ್ಯ. ಟಿನೋಸ್ಪೊರಾ ಕಾರ್ಡಿಫೋಲಿಯಾ ಎಂಬ ನಿಜವಾದ ಅಮೃತಬಳ್ಳಿಗೂ, ಅದನ್ನೇ ಹೋಲುವ, ಕಾಂಡದ ತುಂಬ ಗಂಟುಗಂಟಾದ ಉಬ್ಬುಗಳಿರುವ ಟಿನೋಸ್ಪೊರಾ ಕ್ರಿಸ್ಪಾ ಎಂಬ ಬಳ್ಳಿಗೂ ಜನ ವ್ಯತ್ಯಾಸ ತಿಳಿಯದೆ ಮೋಸ ಹೋಗುತ್ತಾರೆ. ಗಿಡವೇ ಬೇರೆಯಾದರೆ ಮುಂದಿನ ಅಂಕಿಗಳಿಗೆ ಅರ್ಥವೇ ಇರುವುದಿಲ್ಲ.

ಬ್ಯಾಕ್ಟೀರಿಯಾ ಪರೀಕ್ಷೆಯ ತಟ್ಟೆಗಳನ್ನು ನೋಡಲು ನಮಗೆ ಅವಕಾಶ ಕೊಟ್ಟರು. ಬ್ಯಾಕ್ಟೀರಿಯಾ ಬೆಳೆಸಲು ಬಳಸುವ ಮುಲ್ಲರ್ ಹಿಂಟನ್ ಅಗರ್ ಎಂಬ ಜೆಲ್ಲಿ ಹರಡಿದ ತಟ್ಟೆಯ ಮೇಲೆ ಬ್ಯಾಕ್ಟೀರಿಯಾವನ್ನು ಸಮನಾಗಿ ಸವರಿ, ಪುಟ್ಟ ಗುಳಿಗಳನ್ನು ಕೊರೆದು, ಒಂದರಲ್ಲಿ ನಮ್ಮ ಗಿಡದ ಸಾರ, ಇನ್ನೊಂದರಲ್ಲಿ ಪರಿಚಿತ ಆಂಟಿಬಯಾಟಿಕ್, ಮತ್ತೊಂದರಲ್ಲಿ ಸಾರ ತೆಗೆಯಲು ಬಳಸಿದ ಬರಿಯ ದ್ರಾವಕವನ್ನು ತುಂಬಿ, 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ರಾತ್ರಿ ಇಟ್ಟಿದ್ದರು. ಮರುದಿನ ತಟ್ಟೆಯೆಲ್ಲ ಮಂಜು ಕವಿದಂತೆ ಮಸುಕಾಗಿತ್ತು; ಆದರೆ ದೊಡ್ಡಪತ್ರೆಯ ಗುಳಿಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ತಿಳಿಯಾದ ಉಂಗುರವಿತ್ತು. ಸ್ಟೆಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾದ ತಟ್ಟೆಯಲ್ಲಿ ಅದು ಸ್ಪಷ್ಟವಾಗಿತ್ತು, ಈ. ಕೋಲಿ ತಟ್ಟೆಯಲ್ಲಿ ಕಂಡೂ ಕಾಣದಂತಿತ್ತು. ಈ. ಕೋಲಿಯಂಥ ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾಗಳಿಗೆ ಹೊರಗೊಂದು ಹೆಚ್ಚಿನ ಪೊರೆ ಇರುವುದರಿಂದ ಸಸ್ಯಸಾರಗಳು ಸುಲಭವಾಗಿ ಒಳಹೋಗುವುದಿಲ್ಲ ಎಂದು ಅಲ್ಲಿನ ತಂತ್ರಜ್ಞೆ ತಾಳ್ಮೆಯಿಂದ ವಿವರಿಸಿದರು. ದ್ರಾವಕ ಮಾತ್ರವಿದ್ದ ಗುಳಿಯ ಸುತ್ತ ಉಂಗುರವಿರಲಿಲ್ಲ. ಈ ಒಂದು ಗುಳಿಯನ್ನು ಬಿಟ್ಟು ಮಾಡಿದ ಪರೀಕ್ಷೆಯನ್ನು ನಾನು ನಂಬುವುದಿಲ್ಲ, ಏಕೆಂದರೆ ಆಗ ಬ್ಯಾಕ್ಟೀರಿಯಾವನ್ನು ತಡೆದದ್ದು ಗಿಡವೋ ದ್ರಾವಕವೋ ಎಂದು ಹೇಳಲಾಗದು. ಉಂಗುರದ ಅಗಲ ನೋಡಿ ಗಿಡಗಳಿಗೆ ಮೊದಲ ಸ್ಥಾನ, ಎರಡನೆಯ ಸ್ಥಾನ ಕೊಡಬೇಡಿ ಎಂದೂ ಆ ತಂತ್ರಜ್ಞೆಯೇ ಎಚ್ಚರಿಸಿದರು: ಸಾರದಲ್ಲಿನ ವಸ್ತು ಅಗರಿನಲ್ಲಿ ಎಷ್ಟು ದೂರ ಹರಡಬಲ್ಲದು ಎಂಬುದರ ಮೇಲೂ ಅಗಲ ನಿಂತಿದೆ. ನಿಜವಾದ ಹೋಲಿಕೆಗೆ, ಬ್ಯಾಕ್ಟೀರಿಯಾವನ್ನು ತಡೆಯಲು ಬೇಕಾದ ಕನಿಷ್ಠ ಪ್ರಮಾಣವನ್ನು ಕಂಡುಹಿಡಿಯುವ ಪರೀಕ್ಷೆ ಬೇಕು. ಅದಕ್ಕೆ ಪ್ರತ್ಯೇಕ ಶುಲ್ಕವಿದೆ.

ಇನ್ನು ನನ್ನ ದೂರು. ಪ್ಯಾಕೇಜ್‌ನಲ್ಲಿ ಸಾರ ತೆಗೆಯುವುದು ಮೆಥನಾಲ್ ಎಂಬ ದ್ರಾವಕದಲ್ಲಿ ಮಾತ್ರ. ಮೆಥನಾಲ್ ಅನೇಕ ಬಗೆಯ ವಸ್ತುಗಳನ್ನು ಚೆನ್ನಾಗಿ ಎಳೆದುಕೊಳ್ಳುತ್ತದೆ, ಸಂಶೋಧನೆಗೆ ಅದು ಸರಿ. ಆದರೆ ನಮ್ಮವರು ದೊಡ್ಡಪತ್ರೆಯನ್ನು ತಂಬುಳಿ ಮಾಡುತ್ತಾರೆ, ಕೆಂಡದ ಮೇಲೆ ಬಾಡಿಸಿ ರಸ ಹಿಂಡಿ ಮಕ್ಕಳಿಗೆ ಕೊಡುತ್ತಾರೆ, ನೀರಿನಲ್ಲಿ ಕುದಿಸಿ ಕಷಾಯ ಕಾಸುತ್ತಾರೆ. ಮೆಥನಾಲ್ ಯಾರ ಅಡುಗೆಮನೆಯಲ್ಲೂ ಇಲ್ಲ, ಅದು ವಿಷ. ನಾವು ಒತ್ತಾಯಿಸಿ, ಹೆಚ್ಚುವರಿ ಹಣ ಕೊಟ್ಟು, ನೀರಿನ ಸಾರವನ್ನೂ ಪರೀಕ್ಷೆ ಮಾಡಿಸಿದಾಗ ದೊಡ್ಡಪತ್ರೆಯ ಉಂಗುರ ಹೆಚ್ಚುಕಡಿಮೆ ಮಾಯವಾಗಿತ್ತು. ಆ ಎಲೆಯ ಕಟು ಪರಿಮಳಕ್ಕೂ ಬ್ಯಾಕ್ಟೀರಿಯಾವನ್ನು ತಡೆಯುವ ಗುಣಕ್ಕೂ ಮುಖ್ಯ ಕಾರಣ ಕಾರ್ವಕ್ರಾಲ್, ಥೈಮಾಲ್‌ನಂಥ ತೈಲಾಂಶಗಳು. ಅವು ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಕುದಿಸಿದರೆ ಹಬೆಯೊಂದಿಗೆ ಹಾರಿಹೋಗುತ್ತವೆ. ನೆಲ್ಲಿಕಾಯಿಗೆ ಈ ತೊಂದರೆ ಇಲ್ಲ, ಅದರ ಒಗರಿಗೆ ಕಾರಣವಾದ ಟ್ಯಾನಿನ್‌ಗಳು ನೀರಿನಲ್ಲಿ ಕರಗುತ್ತವೆ. ಇಷ್ಟು ಮುಖ್ಯವಾದ ವ್ಯತ್ಯಾಸ ಮಾಮೂಲಿ ವರದಿಯಲ್ಲಿ ಬರುವುದೇ ಇಲ್ಲವೆಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಆಂಟಿಆಕ್ಸಿಡೆಂಟ್ ಪರೀಕ್ಷೆಗೆ ಡಿಪಿಪಿಎಚ್ ವಿಧಾನ ಬಳಸುತ್ತಾರೆ. ಡಿಪಿಪಿಎಚ್ ಎಂಬ ರಾಸಾಯನಿಕದ ಕಡು ನೇರಳೆ ದ್ರಾವಣಕ್ಕೆ ಸಾರ ಬೆರೆಸಿ, 30 ನಿಮಿಷ ಕತ್ತಲಲ್ಲಿಟ್ಟು, ಬಣ್ಣ ಎಷ್ಟು ಹಳದಿಗೆ ತಿರುಗಿತೆಂದು 517 ನ್ಯಾನೋಮೀಟರ್ ತರಂಗಾಂತರದಲ್ಲಿ ಅಳೆದು, ವಿಟಮಿನ್ ಸಿ ಜೊತೆ ಹೋಲಿಸುತ್ತಾರೆ. ನಮ್ಮ ಮೂರರಲ್ಲಿ ನೆಲ್ಲಿಕಾಯಿಯೇ ಮುಂದಿತ್ತು. ಆದರೆ ವರದಿಯಲ್ಲಿ ಐಸಿ50 ಎಂಬ ಅಂಕಿಯನ್ನು ಕೊಟ್ಟು ಸುಮ್ಮನಾಗಿದ್ದಾರೆ. ಅರ್ಧದಷ್ಟು ಕೆಲಸಕ್ಕೆ ಬೇಕಾದ ಪ್ರಮಾಣ ಅದು, ಕಡಿಮೆ ಇದ್ದಷ್ಟೂ ಶಕ್ತಿ ಹೆಚ್ಚು ಎಂಬ ಒಂದು ಸಾಲು ಇಲ್ಲದಿದ್ದರೆ ಓದುವವರು ತಿರುಗುಮುರುಗಾಗಿ ತಿಳಿಯುತ್ತಾರೆ; ನಮ್ಮ ಗುಂಪಿನಲ್ಲೇ ಹಾಗಾಯಿತು. ಗಾಜಿನ ನಳಿಕೆಯಲ್ಲಿ ಬಣ್ಣ ಬದಲಾದದ್ದು ದೇಹದೊಳಗೂ ಹಾಗೆಯೇ ನಡೆಯುತ್ತದೆ ಎಂಬುದಕ್ಕೆ ಸಾಕ್ಷಿಯಲ್ಲ ಎಂಬ ಮಾತೂ ವರದಿಯಲ್ಲಿರಬೇಕಿತ್ತು.

ಮಾದರಿ ಕೊಟ್ಟ ಮೇಲೆ ಫೋನಿಗೆ ಸರಿಯಾಗಿ ಉತ್ತರಿಸುತ್ತಾರೆ, ಹೇಳಿದ ದಿನಕ್ಕೆ ವರದಿ ಸಿಗುತ್ತದೆ, ಬೇಲೂರಿನ ಮೇಲೆ ಹೋಗಿಬರುವುದೂ ಕಷ್ಟವಲ್ಲ. ಹೋಗುವವರು ನೀರಿನ ಸಾರ ಬೇಕೆಂದೂ, ಎಲೆಯನ್ನು ನೆರಳಿನಲ್ಲಿ ಒಣಗಿಸಿದ್ದೋ ಬಿಸಿಲಿನಲ್ಲೋ ಎಂಬುದನ್ನೂ ಅರ್ಜಿಯಲ್ಲೇ ಬರೆದುಕೊಡಿ. ಈ ವರದಿ ಹಿಡಿದು ಪೊಟ್ಟಣದ ಮೇಲೆ ರೋಗ ವಾಸಿಯಾಗುತ್ತದೆ ಎಂದು ಅಚ್ಚು ಹಾಕಿಸಬೇಡಿ. ಹಲವು ರೋಗಗಳ ವಿಷಯದಲ್ಲಿ ಅಂಥ ಜಾಹೀರಾತನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆಯೇ ನಿಷೇಧಿಸುತ್ತದೆ. ಪುಡಿ ಮಾರುವವರಿಗೆ ಇದಕ್ಕಿಂತ ಮೊದಲು ಬೇಕಾದ ಬೂಷ್ಟು, ಭಾರಲೋಹ ಮತ್ತು ಕೀಟನಾಶಕ ಶೇಷದ ತಪಾಸಣೆಗಳು ಈ ಪ್ಯಾಕೇಜ್‌ನಲ್ಲಿ ಇಲ್ಲ. ಅವನ್ನು ಬೇರೆಯಾಗಿಯೇ ಮಾಡಿಸಿಕೊಳ್ಳಬೇಕು.