ಲೇತ್-ಮಿಲ್ ಯಂತ್ರಕ್ಕೆ 75 ಮಿ.ಮೀ. ಬ್ಲಾಕ್: ದೀರ್ಘ ಬಳಕೆಯ ನಂತರದ ಅಭಿಪ್ರಾಯ

ಲೇತ್ (ಲೋಹದ ತುಂಡನ್ನು ತಿರುಗಿಸಿ ಕತ್ತರಿಸುವುದು) ಮತ್ತು ಮಿಲ್ಲಿಂಗ್ (ತಿರುಗುವ ಕಟರ್‌ನಿಂದ ಕತ್ತರಿಸುವುದು) ಎರಡನ್ನೂ ಒಂದೇ ಬೆಡ್ ಮೇಲೆ ಕೊಡುವ ಯಂತ್ರ ಕೊಂಡವರಿಗೆ ಮೊದಲು ಎದುರಾಗುವ ತೊಂದರೆ ಎತ್ತರದ್ದು. ಜಾಬ್, ಅಂದರೆ ಕತ್ತರಿಸಬೇಕಾದ ತುಂಡು, ಕೆಳಗೆ ಉಳಿಯುತ್ತದೆ, ಕಟರ್ ಮೇಲೆ ನೇತಾಡುತ್ತದೆ. ಪ್ರತ್ಯೇಕ ಮಿಲ್ಲಿಂಗ್ ಯಂತ್ರವಾದರೆ ಹಿಡಿಕೆ ತಿರುಗಿಸಿ ಟೇಬಲ್ಲನ್ನೇ ಏರಿಸಬಹುದು. ಇಲ್ಲಿ ಟೇಬಲ್ ಎಂದರೆ ಲೇತಿನಲ್ಲಿ ಅಡ್ಡಕ್ಕೆ ಜಾರುವ ಪೀಠವಾದ ಕ್ರಾಸ್ ಸ್ಲೈಡೇ. ಅದು ಸೆಂಟರ್ ಎತ್ತರಕ್ಕಿಂತ (ಜಾಬ್ ತಿರುಗುವ ನಡುಗೆರೆಗಿಂತ) ಸಾಕಷ್ಟು ಕೆಳಗಿರದಿದ್ದರೆ ಟರ್ನಿಂಗ್, ಅಂದರೆ ಲೇತ್ ಕೆಲಸ, ಸಾಧ್ಯವಿಲ್ಲ. ಮಿಲ್ಲಿಂಗ್ ಹೆಡ್ಡೋ ಲೇತಿನಲ್ಲಿ ಜಾಬ್ ಹಿಡಿಯುವ ಚಕ್‌ಗೆ ತಾಗದಷ್ಟು ಮೇಲೆ ಕುಳಿತಿರುತ್ತದೆ. ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿರುವ ನನ್ನ ಪುಟ್ಟ ಶೆಡ್‌ನಲ್ಲಿ ಪ್ಯಾಕೇಜಿಂಗ್ ಯಂತ್ರಗಳ ಬಿಡಿಭಾಗ ಮಾಡುತ್ತೇನೆ. ಈ ಅಂತರವನ್ನು ತುಂಬಲು ನಾನು ನೆಚ್ಚಿಕೊಂಡಿರುವುದು ಕ್ರಾಸ್ ಸ್ಲೈಡ್ ಮೇಲಿಡುವ ಎರಕದ ಕಬ್ಬಿಣದ ಒಂದೇ ಒಂದು ಬ್ಲಾಕನ್ನು.

ನನ್ನ ಯಂತ್ರದ ಲೆಕ್ಕ ಹೀಗಿದೆ. ಹೆಡ್ ಪೂರ್ತಿ ಇಳಿಸಿದರೂ ಕಟರ್ ತಿರುಗಿಸುವ ದಂಡವಾದ ಸ್ಪಿಂಡಲ್‌ನ ಮೂತಿಯಿಂದ ಕ್ರಾಸ್ ಸ್ಲೈಡ್‌ಗೆ ಸುಮಾರು 300 ಮಿ.ಮೀ. ಕಟರ್ ಹಿಡಿಯುವ ಕಾಲೆಟ್ ಚಕ್ ಮತ್ತು ಎಂಡ್ ಮಿಲ್ ಎಂಬ ಕಟರ್ ಸೇರಿ 100 ಹೋಯಿತು. ಜಾಬ್ ಬಿಗಿಯುವ ವೈಸ್, ಅದರೊಳಗೆ ಜಾಬ್‌ನ ಅಡಿಗಿಡುವ ಪ್ಯಾರಲಲ್ ಪಟ್ಟಿ, 25 ಮಿ.ಮೀ. ದಪ್ಪದ ಜಾಬ್ ಸೇರಿ 95 ಹೋಯಿತು. ಮಿಕ್ಕ 105 ಮಿ.ಮೀ. ಅಂತರವನ್ನು ಕ್ವಿಲ್ (ಸ್ಪಿಂಡಲ್ ಹೊತ್ತು ಕೆಳಗಿಳಿಯುವ ಕೊಳವೆ) ಹೊರಚಾಚಿಯೇ ಮುಟ್ಟಬೇಕು. ಅಷ್ಟು ಚಾಚಿದ ಕ್ವಿಲ್‌ನಿಂದ ಉಕ್ಕು ಕತ್ತರಿಸಿದರೆ ಮೇಲ್ಮೈ ತುಂಬ ಅಲೆ ಅಲೆ ಗುರುತು. ಶಬ್ದ ಪಕ್ಕದ ಶೆಡ್‌ಗೂ ಕೇಳುತ್ತದೆ. ಒಂದು ತುದಿ ಮಾತ್ರ ಹಿಡಿದ ಸರಳಿನ ಚಾಚು ಎರಡು ಪಟ್ಟಾದರೆ ಅದೇ ಬಲಕ್ಕೆ ಬಾಗು ಎಂಟು ಪಟ್ಟಾಗುತ್ತದೆ ಎಂಬ ನಿಯಮವನ್ನು ಐಟಿಐಯಲ್ಲಿ ಓದಿದವರು ಇಲ್ಲಿ ಕಣ್ಣಾರೆ ನೋಡಬಹುದು. 75ರ ಬ್ಲಾಕ್ ಇಟ್ಟರೆ ಕ್ವಿಲ್ 30 ಮಿ.ಮೀ. ಹೊರಬಂದರೆ ಸಾಕು.

ಯಂತ್ರ ಮಾರಿದವರು ಎತ್ತರ ತುಂಬಲೆಂದು ಜೊತೆಗೆ ಕೊಟ್ಟಿದ್ದ ಪ್ಯಾಕಿಂಗ್ ಸೆಟ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಚಾನೆಲ್ (ಸಿ ಆಕಾರದ ಉಕ್ಕಿನ ತೊಲೆ) ತುಂಡುಗಳನ್ನು ಬೆಸೆದು ಬಣ್ಣ ಬಳಿದಿದ್ದರು. ಮಾಮೂಲಿ ಚಾನೆಲ್‌ನ ಅಂಚು ಒಳಮುಖವಾಗಿ ಇಳಿಜಾರಾಗಿರುತ್ತದೆ, ಹೊಟ್ಟೆ ಟೊಳ್ಳು. ಬೋಲ್ಟ್ ಬಿಗಿದಷ್ಟೂ ಅದೇ ಬಾಗುತ್ತದೆ. ಉಕ್ಕಿನ ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸುವ ರೂಢಿಯೂ ನಮ್ಮ ಕಡೆ ಇದೆ. ಪ್ರತಿ ಜೋಡಣೆಯಲ್ಲಿ ಒಂದು ಚೂರು ಬರ್ (ಅಂಚಿನಲ್ಲಿ ಉಳಿದ ಲೋಹದ ಮುಳ್ಳು) ಸಿಕ್ಕಿಕೊಂಡರೂ ಲೆವೆಲ್ ಕೆಡುತ್ತದೆ, ಆದ್ದರಿಂದ ಜೋಡಣೆಗಳು ಕಡಿಮೆಯಿದ್ದಷ್ಟೂ ಕ್ಷೇಮ.

ಈ ಬ್ಲಾಕನ್ನು ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಎರಕ ಹೊಯ್ಯಿಸಿದೆ. ಊರಿಗೆ ಹೋಗುವ ದಾರಿ, ಜೊತೆಗೆ ಮಾತು ಕನ್ನಡದಲ್ಲೇ ಮುಗಿಯುತ್ತದೆ. 200×150×75 ಅಳತೆ, ಗಟ್ಟಿ ಎರಕ. ಮೊದಲು ಒರಟಾಗಿ ಮಷೀನಿಂಗ್ ಮಾಡಿಸಿ, ಒಳಗಿನ ಬಿಗುವು ಸಡಿಲವಾಗಲಿ ಎಂದು ಕೆಲವು ತಿಂಗಳು ಹಾಗೇ ಬಿಟ್ಟು, ಆಮೇಲೆ ಪುಣೆಯಲ್ಲೇ ಎರಡೂ ಮುಖ ಸರ್ಫೇಸ್ ಗ್ರೈಂಡಿಂಗ್ ಮಾಡಿಸಿದೆ. ಕೆಳಮುಖದಲ್ಲಿ ಕ್ರಾಸ್ ಸ್ಲೈಡ್‌ನ ಟಿ-ಸ್ಲಾಟ್‌ಗೆ (ಟಿ ಆಕಾರದ ಗಾಡಿಗೆ) ಕೂರುವ ಎರಡು ಕೀ, ಅಂದರೆ ಜಾಗ ತಪ್ಪದಂತೆ ಹಿಡಿಯುವ ಪಟ್ಟಿ; ಮೇಲ್ಮುಖದಲ್ಲಿ ಎಂ10 (10 ಮಿ.ಮೀ.) ಬೋಲ್ಟ್ ತೂತುಗಳು. ಬ್ಲಾಕ್ ತೆಗೆದು ಮತ್ತೆ ಕೂರಿಸಿದಾಗ ಡಯಲ್ ಗೇಜ್ ಮುಳ್ಳು 150 ಮಿ.ಮೀ. ಉದ್ದಕ್ಕೆ 0.02 ಮಿ.ಮೀ. ಒಳಗೇ ಆಡುತ್ತದೆ. ನಮ್ಮ ಕೆಲಸಕ್ಕೆ ಅಷ್ಟು ಧಾರಾಳ ಸಾಕು. ಎರಕದ ಕಬ್ಬಿಣ ಕಂಪನವನ್ನು ನುಂಗುವುದರಿಂದ ಕಟ್ಟಿಂಗ್ ಶಬ್ದವೇ ಬದಲಾಯಿತು.

ಇನ್ನು ದೋಷಗಳು. ದೊಡ್ಡದು ಡ್ರಿಲ್ಲಿಂಗ್‌ನದು. ಬ್ಲಾಕ್ ಇಟ್ಟ ಮೇಲೆ ಸ್ಪಿಂಡಲ್ ಮೂತಿಗೂ ಜಾಬ್‌ಗೂ ಉಳಿಯುವುದು 130 ಮಿ.ಮೀ. ಮಾಮೂಲಿ 10 ಮಿ.ಮೀ. ಡ್ರಿಲ್ 133 ಮಿ.ಮೀ. ಉದ್ದ; ಡ್ರಿಲ್ ಚಕ್‌ನೊಂದಿಗೆ ಅದು ಹಿಡಿಸುವುದೇ ಇಲ್ಲ. ಹೆಡ್ ಏರಿಸೋಣ ಎಂದರೆ ಈ ಯಂತ್ರದ ಕಂಬ ದುಂಡಗಿದೆ. ಬೋಲ್ಟ್ ಸಡಿಲಿಸಿದ ಕೂಡಲೇ ಹೆಡ್ ಪಕ್ಕಕ್ಕೆ ತಿರುಗಿ, ಹಿಡಿದಿಟ್ಟ ಸೊನ್ನೆ ಗುರುತು ಹೋಗುತ್ತದೆ. ಹಾಗಾಗಿ ಗಿಡ್ಡ ಡ್ರಿಲ್‌ಗಳನ್ನು ತಂದಿಟ್ಟುಕೊಂಡೆ. ಅದೇ 10 ಮಿ.ಮೀ. ಡ್ರಿಲ್ ಗಿಡ್ಡ ಮಾದರಿಯಲ್ಲಿ 89 ಮಿ.ಮೀ. ಮಾತ್ರ. ಅದನ್ನು ಕಾಲೆಟ್‌ನಲ್ಲೇ ಹಿಡಿದರೆ ಮಿಲ್ಲಿಂಗ್, ಡ್ರಿಲ್ಲಿಂಗ್ ಎರಡೂ ಹೆಡ್ ಮುಟ್ಟದೆ ಮುಗಿಯುತ್ತವೆ. ಮುಂಬೈಗೆ ಹೋದಾಗ ನಾಗದೇವಿ ಸ್ಟ್ರೀಟ್‌ನಲ್ಲಿ ಬೇಕಾದ ಸೈಜ್‌ಗಳನ್ನು ಆರಿಸಿಕೊಳ್ಳುತ್ತೇನೆ. ಬ್ಲಾಕ್‌ನ ಬಜೆಟ್ ಹಾಕುವವರು ಈ ಡ್ರಿಲ್‌ಗಳ ಖರ್ಚನ್ನೂ ಸೇರಿಸಿಕೊಳ್ಳಲಿ.

ಎರಡನೆಯದು, ಜಾಬ್ ಮೇಲೇರಿದಂತೆ ಕಟರ್‌ನ ನೂಕುಬಲವೂ ಮೇಲೇರಿ ಕ್ರಾಸ್ ಸ್ಲೈಡನ್ನು ಓರೆಯಾಗಿಸಲು ನೋಡುತ್ತದೆ. ಸ್ಲೈಡ್‌ನ ಸಡಿಲ ತೆಗೆಯುವ ಗಿಬ್ ಪಟ್ಟಿಯನ್ನು ತುಸು ಬಿಗಿ ಮಾಡಿ, ಸ್ಯಾಡಲ್ (ಬೆಡ್ ಮೇಲೆ ಸ್ಲೈಡ್ ಹೊತ್ತ ಭಾಗ) ಲಾಕ್ ಹಾಕಿಯೇ ಕಟ್ ಕೊಡಬೇಕು. ಕಟರ್ ತಿರುಗುವ ದಿಕ್ಕಿಗೆ ಎದುರಾಗಿಯೇ ಫೀಡ್ ಕೊಡಬೇಕು. ಲೇತ್ ಸ್ಕ್ರೂವಿನ ಸಡಿಲದಲ್ಲಿ ಅದೇ ದಿಕ್ಕಿಗೆ ಕೊಟ್ಟರೆ ಕಟರ್ ಜಾಬನ್ನು ಎಳೆದುಕೊಳ್ಳುತ್ತದೆ.

ತೂಕ 16 ಕೆ.ಜಿ. ಟರ್ನಿಂಗ್‌ಗೆ ಬದಲಾಯಿಸುವಾಗ ಅದನ್ನು ಎತ್ತಿ ಇಳಿಸಬೇಕು, ಟೂಲ್ ಪೋಸ್ಟ್ ಮತ್ತೆ ಕೂರಿಸಬೇಕು. ಸಹಾಯಕ್ಕಿರುವ ವಿಜಯಪುರದ ಹುಡುಗ ಒಮ್ಮೆ, "ಕಾಕಾ, ಬೆಳಿಗ್ಗೆಯೆಲ್ಲ ಟರ್ನಿಂಗ್, ಮಧ್ಯಾಹ್ನವೆಲ್ಲ ಮಿಲ್ಲಿಂಗ್ ಮಾಡೋಣ, ನನ್ನ ಸೊಂಟ ಉಳಿಯುತ್ತದೆ" ಎಂದ. ಅಂದಿನಿಂದ ಆರ್ಡರ್‌ಗಳನ್ನು ಹಾಗೆಯೇ ಹಂಚುತ್ತೇನೆ. ದಿನಕ್ಕೆ ನಾಲ್ಕಾರು ಬಾರಿ ಬದಲಾಯಿಸುವವರಿಗೆ ಈ ಬ್ಲಾಕ್ ಶಿಕ್ಷೆಯೇ ಸರಿ. ಅಂಥವರು ಬೇರೆ ಮಿಲ್ಲಿಂಗ್ ಯಂತ್ರಕ್ಕೆ ಹಣ ಕೂಡಿಸುವುದು ಒಳ್ಳೆಯದು.

ಮಳೆಗಾಲದಲ್ಲಿ ತುಕ್ಕಿನ ಕಾಟವಿದೆ. ಬ್ಲಾಕ್ ಮತ್ತು ಸ್ಲೈಡ್ ನಡುವೆ ಕೂಲೆಂಟ್ (ಕಟರ್ ತಂಪಾಗಿಸುವ ದ್ರವ) ಇಳಿದು ನಿಂತರೆ ಕಂದು ಕಲೆ ಬೀಳುತ್ತದೆ. ಗುರುವಾರ ಇಲ್ಲಿ ಕರೆಂಟ್ ಇಲ್ಲದ ದಿನ, ಆಗ ಬ್ಲಾಕ್ ತೆಗೆದು ಎರಡೂ ಮುಖಕ್ಕೆ ಎಣ್ಣೆಕಲ್ಲು (ನುಣ್ಣಗೆ ಉಜ್ಜುವ ಸಾಣೆಕಲ್ಲು) ಆಡಿಸಿ, ತೆಳುವಾಗಿ ಎಣ್ಣೆ ಸವರುತ್ತೇವೆ.

ಮಾಡಿಸಲು ಹೊರಟವರು ನನ್ನ 75ನ್ನು ನಕಲು ಮಾಡಬೇಡಿ. ನಿಮ್ಮ ವೈಸ್, ಕಾಲೆಟ್ ಚಕ್, ಹೆಚ್ಚಾಗಿ ಬರುವ ಜಾಬ್ ಮೂರನ್ನೂ ಯಂತ್ರದ ಮೇಲಿಟ್ಟು ಮಿಕ್ಕ ಅಂತರವನ್ನು ಅಳೆಯಿರಿ. ಅದರಲ್ಲಿ 30 ಮಿ.ಮೀ.ಯನ್ನು ಕ್ವಿಲ್‌ಗೆ ಬಿಟ್ಟು ಉಳಿದದ್ದನ್ನು ಫೌಂಡ್ರಿಗೆ ಹೇಳಿ. ಗ್ರೈಂಡಿಂಗ್‌ಗೆ ಹೋಗುವ ಅಂಶವನ್ನು ಮೇಲೆ ಸೇರಿಸಲು ಅವರಿಗೆ ನೆನಪಿಸಿ.