ಸ್ಮಾರ್ಟ್ ಮೀಟರ್‌ಗೆ ಸಿಮ್ಮೋ, ಆರ್‌ಎಫ್ ಮೆಶ್ಶೋ?

ರೀಡಿಂಗನ್ನು ತಾನೇ ಕಚೇರಿಗೆ ಕಳಿಸುವ ಕರೆಂಟ್ ಮೀಟರ್‌ಗೆ ಮೊಬೈಲ್ ಸಿಮ್ ಹಾಕಬೇಕೋ, ಇಲ್ಲಾ ಮೀಟರ್‌ಗಳೇ ರೇಡಿಯೊ ತರಂಗದಲ್ಲಿ ಹೆಣೆದುಕೊಳ್ಳುವ ಜಾಲ, ಅಂದರೆ ಆರ್‌ಎಫ್ ಮೆಶ್ ಬೇಕೋ? ಹಾಸನ ಪೇಟೆಯಂಥ ಒತ್ತೊತ್ತು ಮನೆಗಳಿಗೆ ನಾನಂತೂ ಆರ್‌ಎಫ್ ಮೆಶ್ ಅನ್ನುತ್ತೇನೆ. ಒಂದು ಮೀಟರ್ ಪಕ್ಕದ ಮೀಟರ್‌ಗೆ ಸುದ್ದಿ ದಾಟಿಸುತ್ತದೆ, ನಡುವೆ ಒಂದು ಕೆಟ್ಟರೆ ಬೇರೆ ದಾರಿ ಹುಡುಕಿಕೊಳ್ಳುತ್ತದೆ. ಇದು ಬಳಸುವ 865-868 ಮೆಗಾಹರ್ಟ್ಸ್ ತರಂಗಕ್ಕೆ ಲೈಸೆನ್ಸ್ ಕೂಡ ಬೇಡ. ಆದರೆ ಮೂಡಿಗೆರೆ ಕಡೆ ತೋಟದ ಮನೆಗಳು ದೂರ ದೂರ, ನಡುವೆ ಗುಡ್ಡ ಬೇರೆ. ಅಲ್ಲಿ ಸಿಮ್ಮೇ ಗತಿ. ಅದರ ತೊಂದರೆ ಏನು ಗೊತ್ತಾ? ಆಷಾಢದ ಗಾಳಿಗೆ ಮರ ಬಿದ್ದು, ದಿನಗಟ್ಟಲೆ ಕರೆಂಟ್ ಹೋಗಿ, ಮೊಬೈಲ್ ಟವರ್ ಬ್ಯಾಟರಿಯೂ ಮುಗಿದರೆ, ಎಲ್ಲಿ ಕರೆಂಟ್ ಬಂತು, ಎಲ್ಲಿ ಇನ್ನೂ ಇಲ್ಲ ಅನ್ನುವ ಸುದ್ದಿಯೇ ಬರುವುದಿಲ್ಲ. ಟವರ್‌ಗೆ ಬ್ಯಾಕಪ್ ಎಷ್ಟು ಗಂಟೆ ಅಂತ ಮೊದಲು ಕೇಳಿ. ಇನ್ನು, ಮೀಟರ್ ರೀಡಿಂಗ್ 15 ನಿಮಿಷ ತಡವಾದರೂ ನಡೆಯುತ್ತದೆ, ಆದರೆ ಲೈನಿನಲ್ಲಿ ದೋಷ ಬಂದಾಗ ಸಬ್‌ಸ್ಟೇಷನ್ ಬ್ರೇಕರ್ ಟ್ರಿಪ್ ಮಾಡುವ, ಅಂದರೆ ಕರೆಂಟ್ ಕಡಿಯುವ ಸಿಗ್ನಲ್‌ಗೆ ಮಿಲಿಸೆಕೆಂಡ್ ಲೆಕ್ಕ ಅಲ್ವಾ? ಅಲ್ಲಿ ಸಿಮ್, ಮೆಶ್ ಎರಡೂ ಬೇಡ, ಫೈಬರ್ ಕೇಬಲ್ ಹಾಕಿಸಿ.